ಶೆಟ್ಟಿಹಳ್ಳಿ ಹಿನ್ನೀರಿನ ಆ ತೆಪ್ಪದ ಅಣ್ಣನಿಗೆ

ಕಳೆದ ಭಾನುವಾರ ಸಂಜೆ ಶೆಟ್ಟಿಹಳ್ಳಿಯ ಹಳೆಯ ಚರ್ಚ್ ಬಳಿ ದಿಢೀರನೆ ಮಳೆ ಸುರಿಯಿತು. ಅಮ್ಮ ತಲೆಸುತ್ತು ಬಂದು ನೆಲದಲ್ಲೇ ಕುಳಿತುಬಿಟ್ಟರು. ಕಾರು ದೂರವಿತ್ತು, ನನಗೆ ಕೈಕಾಲೇ ಆಡಲಿಲ್ಲ.

ಹೇಮಾವತಿಯ ದಡದಲ್ಲೇ ಟಾರ್ಪಾಲು ಗುಡಿಸಲು ಹಾಕಿಕೊಂಡು, ಗೊರೂರು ಅಣೆಕಟ್ಟೆಯ ನೀರು ಏರಿದಂತೆಲ್ಲ ಅದನ್ನು ಕಿತ್ತು ಮೇಲಕ್ಕೆ ಸಾಗಿಸುವ ಮೀನುಗಾರರು ನೀವು. ಬಿಡಿಸುತ್ತಿದ್ದ ಬಲೆಯನ್ನು ಅಲ್ಲೇ ಬಿಟ್ಟು, ತೆಪ್ಪವನ್ನು ತಲೆಯ ಮೇಲೆ ಹೊತ್ತು ಓಡಿ ಬಂದಿರಿ. ಅದನ್ನು ಓರೆಯಾಗಿ ನಿಲ್ಲಿಸಿ, ಅಮ್ಮನ ಮೇಲೆ ಹನಿ ಬೀಳದಂತೆ ಹಿಡಿದೇ ನಿಂತಿರಿ; ನಿಮ್ಮ ಬೆನ್ನು ಪೂರ್ತಿ ತೊಯ್ದಿತ್ತು. ಮನೆಯವರು ತಂದ ಬೆಲ್ಲದ ಕಾಫಿಯನ್ನು ಎರಡು ಲೋಟಗಳಲ್ಲಿ ಎತ್ತಿ ಹೊಯ್ದು ಆರಿಸಿ, "ನಿಧಾನ ಅವ್ವಾ" ಎಂದು ಕುಡಿಸಿದಿರಿ. ಅಮ್ಮ ಕಣ್ಣರಳಿಸಿ ನಕ್ಕಾಗಲೇ ನನಗೆ ಉಸಿರು ಬಂದದ್ದು.

ಹಣ ಚಾಚಿದರೆ ಕೈ ಹಿಂದಕ್ಕೆ ಕಟ್ಟಿಕೊಂಡಿರಿ. ಗಡಿಬಿಡಿಯಲ್ಲಿ ಹೆಸರು ಕೇಳಲಾಗಲಿಲ್ಲ. ಅಮ್ಮ ಈಗ ಆರಾಮವಾಗಿದ್ದಾರೆ ಅಣ್ಣಾ. ಆ ಕಡೆ ಹೋಗುವವರು ದಯವಿಟ್ಟು ಅವರಿಗೆ ಇಷ್ಟು ತಿಳಿಸಿ.