ಡಬ್ಬಿಯಲ್ಲಿ ನೂರಾ ಹದಿನೈದು ಬಿಟ್, ಕೆಲಸಕ್ಕೆ ಬರುವವು ಆರೇಳು

ಸಂಪಾದಕರಿಗೆ,

ಮಾನ್ಯರೇ,

ಗಣಪತಿ ಹಬ್ಬದಿಂದ ದೀಪಾವಳಿಯವರೆಗೆ ಮುಂಬಯಿಯ ಲೋಕಲ್ ಸ್ಟೇಷನ್‌ಗಳ ಹೊರಗಿನ ಕೈಗಾಡಿಗಳಲ್ಲೂ ಆನ್‌ಲೈನ್ ಸೇಲ್‌ಗಳಲ್ಲೂ ಒಂದೇ ಬಗೆಯ ಸ್ಕ್ರೂಡ್ರೈವರ್ ಸೆಟ್ಟಿನ ಕಪ್ಪು ಡಬ್ಬಿ ರಾಶಿ ಬೀಳುತ್ತದೆ: ಒಂದು ಹಿಡಿಕೆ, ಅದಕ್ಕೆ ಸಿಕ್ಕಿಸುವ ಬಗೆಬಗೆಯ ತುದಿಗಳು, ಅಂದರೆ ಬಿಟ್ಟುಗಳು. ಮೇಲೆ ‘115 ಇನ್ 1’ ಎಂಬ ದಪ್ಪಕ್ಷರ, ಕೆಳಗೆ ಮೊಬೈಲು, ಲ್ಯಾಪ್‌ಟಾಪು, ಕನ್ನಡಕ, ವಾಚುಗಳ ಚಿತ್ರ. ಮನೆಯಲ್ಲೇ ಲ್ಯಾಪ್‌ಟಾಪಿಗೆ ಹೊಸ ಶೇಖರಣಾ ಡ್ರೈವ್, ಅಂದರೆ ಎಸ್‌ಎಸ್‌ಡಿ ಹಾಕಿಕೊಳ್ಳುವವರು, ಬ್ಯಾಟರಿ ಬದಲಿಸಿಕೊಳ್ಳುವವರು ಇದನ್ನೇ ಕೊಳ್ಳುತ್ತಾರೆ. ಮೂರನೆಯ ಸ್ಕ್ರೂಗೇ ಬಿಟ್ಟಿನ ಮೂತಿ ದುಂಡಗಾಗುತ್ತದೆ, ನಾಲ್ಕನೆಯದರ ತಲೆ ಸವೆಯುತ್ತದೆ. ಆಮೇಲೆ ಅಂಗಡಿಗೆ ಬಂದ ಯಂತ್ರದಲ್ಲಿ ಮೂಲ ಕೆಲಸಕ್ಕಿಂತ ಆ ಒಂದು ಸ್ಕ್ರೂ ಕೀಳುವುದಕ್ಕೇ ಹೆಚ್ಚು ಹೊತ್ತು ಬೇಕಾಗುತ್ತದೆ. ಕೊಳ್ಳುವವರು ಎಣಿಸಬೇಕಾದ್ದು ಬಿಟ್ಟುಗಳನ್ನಲ್ಲ, ನೋಡಬೇಕಾದ್ದು ಅವುಗಳ ಮೂತಿಯನ್ನು. ಅದಕ್ಕಾಗಿಯೇ ಈ ಪತ್ರ.

ಮೊದಲ ಗೊಂದಲ ಹೆಸರಿನದು. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿನಲ್ಲಿ ‘ಸ್ಟಾರ್ ಕೊಡಿ’ ಎಂದರೆ ಒಬ್ಬ ಫಿಲಿಪ್ಸ್ ಕೊಡುತ್ತಾನೆ, ಪಕ್ಕದವ ಟಾರ್ಕ್ಸ್ ಕೊಡುತ್ತಾನೆ, ಮೊಬೈಲ್ ಸಾಮಾನಿನವ ಐದು ದಳದ ಪೆಂಟಲೋಬ್ ಕೊಡುತ್ತಾನೆ. ಮೂವರದೂ ತಪ್ಪಲ್ಲ, ಮೂರಕ್ಕೂ ಇಲ್ಲಿ ಸ್ಟಾರ್ ಎಂದೇ ಹೆಸರು. ಹಾಗಾಗಿ ಗುರುತಿನ ಸಮೇತ ಕೇಳಬೇಕು. ಕೂಡಿಸುವ ಚಿಹ್ನೆಯಂಥ ಫಿಲಿಪ್ಸ್‌ನ ಗುರುತು ಪಿಎಚ್: ಸಣ್ಣದರಿಂದ ದೊಡ್ಡದಕ್ಕೆ ಪಿಎಚ್ 000, 00, 0, 1, 2. ಆರು ದಳದ ಟಾರ್ಕ್ಸ್‌ನದು ಟಿ: ಟಿ5, ಟಿ6, ಟಿ8. ಐದು ದಳದ್ದು ಪಿ: ಐಫೋನಿನ ತಳದ ಎರಡು ಸ್ಕ್ರೂಗೆ 0.8 ಮಿ.ಮೀ. ಅಳತೆಯ ಪಿ2, ಮ್ಯಾಕ್‌ಬುಕ್ ಏರ್‌ನ ಅಡಿಗೆ 1.2 ಮಿ.ಮೀ.ನ ಪಿ5. ಮೂರು ಕಾಲಿನದು ವೈ: ಐಫೋನ್ 7ರಿಂದೀಚೆಗೆ ಒಳಗಡೆ ಇದೂ ಸೇರಿಕೊಂಡಿದೆ. ಪಿ5ಕ್ಕೆ ಟಿ4 ತುರುಕಿ ತಿರುಗಿಸಿದರೆ ಒಂದೋ ಎರಡೋ ಬಾರಿ ಬಿಚ್ಚೀತು, ಆದರೆ ಐದು ದಳಕ್ಕೆ ಆರು ದಳ ಎಂದೂ ಪೂರ್ತಿ ಕೂರುವುದಿಲ್ಲ. ಟಿ5 ಸುಮಾರು 1.4 ಮಿ.ಮೀ., ಟಿ6 ಸುಮಾರು 1.7. ಈ ಮೂರು ಕೂದಲೆಳೆಯಷ್ಟು ವ್ಯತ್ಯಾಸದಲ್ಲೇ ತಲೆ ಉಳಿಯುವುದೂ ಹೋಗುವುದೂ ನಿಂತಿದೆ.

ಅತಿ ಹೆಚ್ಚು ಹಾಳಾಗುವುದು ಪಿಎಚ್. ಕಾರಣ ಅದರ ಆಕಾರದಲ್ಲೇ ಇದೆ. ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದ ಈ ಸ್ಕ್ರೂ ತಲೆಯ ಕುಳಿಯ ಗೋಡೆಗಳು ಒಳಕ್ಕೆ ಇಳಿಜಾರಾಗಿವೆ. ತಿರುಚುವ ಬಲದಲ್ಲಿ ಒಂದು ಪಾಲು ಆ ಇಳಿಜಾರಿನ ಮೇಲೆ ಬಿದ್ದು ಮೂತಿಯನ್ನು ಮೇಲಕ್ಕೆ ದೂಡುತ್ತದೆ. ಕೈಯ ಒತ್ತು ಸಾಲದಿದ್ದರೆ ಮೂತಿ ಎದ್ದು ಜಾರುತ್ತದೆ, ಪ್ರತಿ ಜಾರಿಗೂ ಕುಳಿಯ ಅಂಚು ಒಂದಿಷ್ಟು ಕೆತ್ತಿಹೋಗುತ್ತದೆ. ಟಾರ್ಕ್ಸ್ ಗೋಡೆಗಳು ಹೆಚ್ಚುಕಡಿಮೆ ನೆಟ್ಟಗಿರುವುದರಿಂದ ಅದು ಹೀಗೆ ಏಳುವುದಿಲ್ಲ. ಹಾಗಾಗಿ ಪಿಎಚ್ ಸ್ಕ್ರೂಗೆ ಲೆಕ್ಕ ಹೀಗೆ: ನೂರರಲ್ಲಿ ಎಪ್ಪತ್ತು ಪಾಲು ಬಲ ಕೆಳಕ್ಕೆ ಒತ್ತಲು, ಮೂವತ್ತು ಪಾಲು ತಿರುಗಿಸಲು.

ಇದರಲ್ಲೇ ಇನ್ನೊಂದು ಒಳಗುಟ್ಟು ಜಪಾನಿನದು. ಜಪಾನಿ ಕ್ಯಾಮರಾ, ಟೇಪ್ ಡೆಕ್, ಹಳೆಯ ಬೈಕುಗಳ ಕೂಡು-ಗುರುತಿನ ಸ್ಕ್ರೂ ನೋಡಲು ಫಿಲಿಪ್ಸ್‌ನಂತೆಯೇ ಇದ್ದರೂ ಅದು ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನಕದ, ಅಳತೆಯದು. ತಲೆಯ ಮೇಲೆ ಪುಟ್ಟ ಚುಕ್ಕೆಯಂಥ ಗುಂಡಿ ಇದ್ದರೆ ಜೆಐಎಸ್ ಎಂದು ತಿಳಿಯಬಹುದು, ತೀರ ಸಣ್ಣ ಸ್ಕ್ರೂಗಳಲ್ಲಿ ಆ ಚುಕ್ಕೆಯೂ ಇರುವುದಿಲ್ಲ. ಫಿಲಿಪ್ಸ್ ಮೂತಿಯ ನಾಲ್ಕು ರೆಕ್ಕೆ ಸೇರುವ ಮೂಲೆಗಳು ಹೆಚ್ಚು ದುಂಡಗೆ ತುಂಬಿಕೊಂಡಿರುತ್ತವೆ. ಜೆಐಎಸ್ ಕುಳಿಯಲ್ಲಿ ಆ ತುಂಬು ಮೊದಲೇ ತಗುಲಿ, ರೆಕ್ಕೆಗಳು ಕೆಳಗೆ ಇಳಿಯುವುದೇ ಇಲ್ಲ. ತಿರುಗಿಸಿದೊಡನೆ ಜಾರು. ಇದಕ್ಕೆ ವಿರುದ್ಧವಾಗಿ ಜೆಐಎಸ್ ಡ್ರೈವರು ಫಿಲಿಪ್ಸ್ ಸ್ಕ್ರೂಗಳಲ್ಲಿ ಸಾಕಷ್ಟು ಚೆನ್ನಾಗಿಯೇ ಕೂರುತ್ತದೆ. ಒಂದೇ ಒಂದು ಒಳ್ಳೆಯ ಸಣ್ಣ ಡ್ರೈವರ್ ಕೊಳ್ಳುವುದಾದರೆ ವೆಸೆಲ್‌ನಂಥ ಜಪಾನಿ ತಯಾರಿಕೆಯ 0 ಅಥವಾ 00 ಅಳತೆಯದನ್ನು ಕೊಳ್ಳಿ ಎನ್ನುವುದು ಇದೇ ಕಾರಣಕ್ಕೆ.

ಉಕ್ಕಿನ ಮಾತು. ಡಬ್ಬಿಯ ಮೇಲೆ ‘ಎಸ್2’ ಎಂದು ಅಚ್ಚಾಗಿದ್ದರೆ ಅದೇ ಭರವಸೆ ಎಂದುಕೊಳ್ಳುವವರಿದ್ದಾರೆ. ಎಸ್2 ಪೆಟ್ಟು ತಡೆಯುವ ಟೂಲ್ ಸ್ಟೀಲ್ ಹೌದು. ಸರಿಯಾಗಿ ಹದ ಮಾಡಿದರೆ ರಾಕ್‌ವೆಲ್ ಮಾಪನದಲ್ಲಿ 58ರಿಂದ 62ರಷ್ಟು ಗಡಸುತನ ಬರುತ್ತದೆ. ಅಗ್ಗದ ಕ್ರೋಮ್ ವೆನೇಡಿಯಮ್ ಬಿಟ್ಟುಗಳು ಐವತ್ತರ ಆಸುಪಾಸಿನಲ್ಲೇ ನಿಲ್ಲುತ್ತವೆ. ಆದರೆ ಒಂದೇ ಕಬ್ಬಿಣದಲ್ಲಿ ಒಬ್ಬ ಕಮ್ಮಾರನ ಕತ್ತಿ ವರ್ಷಗಟ್ಟಲೆ ಬಂದರೆ ಇನ್ನೊಬ್ಬನದು ವಾರಕ್ಕೆ ಮೊಂಡಾಗುವಂತೆ, ಹದ ತಪ್ಪಿದ ಎಸ್2ಗೂ ಬೆಲೆ ಇಲ್ಲ. ಗಡಸು ಕಡಿಮೆಯಾದರೆ ಮೂತಿ ತಿರುಚಿಕೊಳ್ಳುತ್ತದೆ, ಹೆಚ್ಚಾದರೆ ಸಣ್ಣ ಬಿಟ್ ಟಕ್ಕೆಂದು ಮುರಿದು ತುಂಡು ಸ್ಕ್ರೂವಿನೊಳಗೇ ಉಳಿಯುತ್ತದೆ. ಎರಡನೆಯದು ಹೆಚ್ಚಿನ ಅನಾಹುತ. ಅಯಸ್ಕಾಂತ ಹಿಡಿದು ‘ಒರಿಜಿನಲ್ ಸ್ಟೀಲ್ ನೋಡಿ’ ಎನ್ನುವ ಅಂಗಡಿಯವರ ಆಟಕ್ಕೆ ನಗಬೇಕು ಅಷ್ಟೆ. ಮೆತ್ತನೆ ಕಬ್ಬಿಣವೂ ಅಂಟುತ್ತದೆ.

ಹಾಗಾದರೆ ಕೌಂಟರಿನಲ್ಲಿ ನಿಂತು ನೋಡುವುದು ಹೇಗೆ? ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಕಣ್ಣುಗಾಜು, ಒಂದು ಹೊಸ ಲ್ಯಾಪ್‌ಟಾಪ್ ಸ್ಕ್ರೂ ಜೇಬಿನಲ್ಲಿರಲಿ. ಗಾಜಿನಲ್ಲಿ ನಾಲ್ಕು ರೆಕ್ಕೆಯೂ ಒಂದೇ ಸಮನಾಗಿ, ಅಂಚು ಚೂಪಾಗಿ ಕಾಣಬೇಕು. ಮೂತಿಯ ಮೇಲೆ ಅಚ್ಚಿನ ಗೆರೆ ಇದ್ದರೆ, ಲೇಪನ ದಪ್ಪಗೆ ಕೂತು ಮೂಲೆ ತುಂಬಿದ್ದರೆ ವಾಪಸು ಕೊಡಿ. ಒಳ್ಳೆಯ ತಯಾರಕರಲ್ಲಿ ಹಲವರು ಕಡ್ಡಿಗೆ ಕ್ರೋಮ್ ಕೊಟ್ಟರೂ ತುದಿಯನ್ನು ಕಪ್ಪಾಗಿಯೇ ಬಿಡುವುದು ಅಳತೆ ಕೆಡಬಾರದೆಂದು. ಆಮೇಲೆ ಬಿಟ್ಟನ್ನು ಸ್ಕ್ರೂವಿನಲ್ಲಿ ಕೂರಿಸಿ ಅಡ್ಡ ಹಿಡಿಯಿರಿ. ಸರಿಹೊಂದುವ ಮೂತಿಯಾದರೆ ಅಯಸ್ಕಾಂತದ ಸಹಾಯವಿಲ್ಲದೆಯೂ ಸ್ಕ್ರೂ ಕಚ್ಚಿಕೊಂಡಿರುತ್ತದೆ, ಬೆರಳಿನಿಂದ ಅಲ್ಲಾಡಿಸಿದರೆ ಆಟ ಕಾಣುವುದಿಲ್ಲ. ಕೊನೆಗೆ ಹಿಡಿಕೆಯ ತಿರುಗುವ ಟೊಪ್ಪಿಯ ಮೇಲೆ ತೋರುಬೆರಳಿಟ್ಟು ಹೆಬ್ಬೆರಳು-ನಡುಬೆರಳಲ್ಲಿ ತಿರುಗಿಸಿ. ಮೂತಿ ನಿಂತ ಜಾಗದಲ್ಲೇ ತಿರುಗಬೇಕು. ಗಿರಗಿರ ವೃತ್ತ ಬರೆಯುತ್ತಿದ್ದರೆ ಬಿಟ್ ಹಿಡಿಯುವ ಹೋಲ್ಡರ್ ಸೊಟ್ಟಗಿದೆ, ಅದರಲ್ಲಿ ಯಾವ ಬಿಟ್ ಹಾಕಿದರೂ ಅಷ್ಟೆ.

ಹೋಲ್ಡರಿನ ಇನ್ನೊಂದು ತೊಡಕನ್ನು ಯಾರೂ ಮೊದಲೇ ಹೇಳುವುದಿಲ್ಲ. ಸಣ್ಣ ಬಿಟ್ಟುಗಳ ಹಿಂಭಾಗ 4 ಮಿ.ಮೀ.ನ ಷಟ್ಕೋನ, ಉದ್ದ ಸಾಮಾನ್ಯವಾಗಿ 28 ಮಿ.ಮೀ. ಅದನ್ನು ಹಿಡಿಯುವ ಕೊಳವೆ ಅದಕ್ಕಿಂತ ದಪ್ಪ. ಪ್ರಿಂಟರು, ಇಸ್ತ್ರಿಪೆಟ್ಟಿಗೆ, ಹಳೆಯ ರೇಡಿಯೊಗಳಲ್ಲಿ ಸ್ಕ್ರೂ ಆಳದ ಕಿರಿದಾದ ತೂತಿನ ತಳದಲ್ಲಿರುತ್ತದೆ. ಬಿಟ್ ಮುಟ್ಟುವ ಮೊದಲೇ ಕೊಳವೆ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಇಂಥಲ್ಲಿ ಕಡ್ಡಿ-ಹಿಡಿಕೆ ಒಂದೇ ಆಗಿರುವ, ಕಡ್ಡಿ ಕನಿಷ್ಠ 60 ಮಿ.ಮೀ. ಇರುವ ಡ್ರೈವರೇ ಬೇಕು. ದೊಡ್ಡ ಬಿಟ್ಟುಗಳ 6.35 ಮಿ.ಮೀ. ಹಿಂಭಾಗ ಸಣ್ಣ ಹೋಲ್ಡರಿಗೆ ಹೊಂದುವುದಿಲ್ಲ ಎಂಬುದನ್ನೂ ಬಿಡಿ ಬಿಟ್ ಕೊಳ್ಳುವಾಗ ಮರೆಯಬಾರದು.

ನಮ್ಮ ಲೆಕ್ಕದಲ್ಲಿ ಮನೆಗೆ ಸಾಕಾಗುವುದು ಇಷ್ಟು: ಪಿಎಚ್ 00, 0 ಮತ್ತು 1 ಬಿಡಿ ಡ್ರೈವರುಗಳು. ಟಿ5 ಮತ್ತು ಟಿ8. ಕನ್ನಡಕಕ್ಕೆ 1.4 ಮಿ.ಮೀ. ಅಗಲದ ಚಪ್ಪಟೆ ಮೂತಿ. ಆಪಲ್ ಸಾಮಾನಿದ್ದರೆ ಮಾತ್ರ ಪಿ2 ಅಥವಾ ಪಿ5, ಜತೆಗೆ ವೈ000. ನಡುವೆ ತೂತಿರುವ ‘ಸೆಕ್ಯುರಿಟಿ’ ಟಾರ್ಕ್ಸ್ ಸಾಮಾನ್ಯ ಟಾರ್ಕ್ಸ್‌ಗೂ ಆಗುತ್ತದೆ ನಿಜ, ಆದರೆ ಟಿ6ಕ್ಕಿಂತ ಸಣ್ಣದರಲ್ಲಿ ಆ ತೂತೇ ಮೂತಿಯನ್ನು ಬಲಹೀನ ಮಾಡುತ್ತದೆ. ದಿನದ ಬಳಕೆಗೆ ತೂತಿಲ್ಲದ್ದನ್ನೇ ಇಟ್ಟುಕೊಳ್ಳುವುದು ವಾಸಿ. ಒರಟು ಕೆಲಸದ ದೊಡ್ಡ ಡ್ರೈವರಿಗೆ ನಾಸಿಕದ ತಪಾರಿಯಾ ಧಾರಾಳವಾಗಿ ಸಾಕು. ಜರ್ಮನಿಯ ವಿಹಾ, ವೇರಾ, ಸ್ವಿಟ್ಜರ್ಲೆಂಡಿನ ಪಿಬಿ ಸ್ವಿಸ್ ದುಬಾರಿ. ದಿನಕ್ಕೆ ಹತ್ತು ಯಂತ್ರ ಬಿಚ್ಚುವವರಿಗೆ ಆ ದುಡ್ಡು ತಿರುಗಿ ಬರುತ್ತದೆ, ಮನೆಯವರಿಗೆ ಅದರ ಒಂದು ಪಿಎಚ್ 0 ಸಾಕು. ಕರೆಂಟಿನ ಕೆಲಸಕ್ಕೆ ಈ ಯಾವ ಸಣ್ಣ ಡ್ರೈವರನ್ನೂ ಮುಟ್ಟಬೇಡಿ. ಅದಕ್ಕೆ ಎರಡು ತ್ರಿಕೋನದ ಗುರುತು ಮತ್ತು 1000 ವೋಲ್ಟ್ ಎಂದು ಬರೆದಿರುವ ಬೇರೆ ಡ್ರೈವರ್ ಇದೆ.

ಒಳ್ಳೆಯ ಮೂತಿ ಇದ್ದೂ ಕೆಲಸ ಕೆಡುವುದು ಕ್ರಮ ತಪ್ಪಿದಾಗ. ಲ್ಯಾಪ್‌ಟಾಪಿನ ಅಡಿ ಬಿಚ್ಚುವಾಗ ಮೊದಲು ಎಲ್ಲ ಸ್ಕ್ರೂಗಳನ್ನೂ ಕಾಲು ಸುತ್ತು ಸಡಿಲಿಸಿ, ಆಮೇಲೆ ಒಂದೊಂದಾಗಿ ತೆಗೆಯಿರಿ. ಒಂದು ಹಾಳೆಯಲ್ಲಿ ಯಂತ್ರದ ಆಕಾರ ಬರೆದು ತೆಗೆದ ಸ್ಕ್ರೂವನ್ನು ಅದೇ ಜಾಗದಲ್ಲಿ ಚುಚ್ಚಿಡಿ. ಫೋನಿನಲ್ಲಂತೂ ಇದು ಪ್ರಾಣಸಂಕಟದ ವಿಷಯ: ಅರ್ಧ ಮಿ.ಮೀ.ನಷ್ಟು ಹೆಚ್ಚು ಉದ್ದದ ಸ್ಕ್ರೂ ತಪ್ಪು ತೂತಿಗೆ ಹೋದರೆ ತುದಿ ಬೋರ್ಡಿನೊಳಗಿನ ತಾಮ್ರದ ಗೆರೆಗಳನ್ನು ಕೊರೆದು ಬಿಡುತ್ತದೆ, ಫೋನು ಮತ್ತೆ ಏಳುವುದಿಲ್ಲ. ಮುಚ್ಚಿದ ಕವಚವನ್ನು ಮೀಟಲು ಸ್ಕ್ರೂಡ್ರೈವರ್ ಬಳಸಬೇಡಿ, ಪ್ಲಾಸ್ಟಿಕ್ ಪಟ್ಟಿ ಸಾಕು. ಲಿಥಿಯಂ ಬ್ಯಾಟರಿಗೆ ಉಕ್ಕಿನ ಮೂತಿ ಚುಚ್ಚಿದರೆ ಬೆಂಕಿ.

ಮರಳಿ ಹಾಕುವಾಗ ಸ್ಕ್ರೂವನ್ನು ಮೊದಲು ಎಡಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ, ಹಗುರಾಗಿ ತಿರುಗಿಸಿ. ಒಂದು ಕಡೆ ‘ಟಿಕ್’ ಎಂದು ಕೆಳಗೆ ಕೂರುವುದು ಬೆರಳಿಗೆ ತಿಳಿಯುತ್ತದೆ. ಅಲ್ಲಿಂದ ಬಲಕ್ಕೆ. ಹೀಗೆ ಮಾಡಿದರೆ ಸ್ಕ್ರೂ ಹಳೆಯ ಥ್ರೆಡ್ಡಿನಲ್ಲೇ, ಅಂದರೆ ಮೊದಲಿನ ಸುರುಳಿ ಗೆರೆಯಲ್ಲೇ, ಹೋಗುತ್ತದೆ. ಇಲ್ಲವಾದರೆ ಪ್ಲಾಸ್ಟಿಕ್ಕಿನಲ್ಲಿ ಹೊಸ ಥ್ರೆಡ್ ಕೊರೆದು, ಎರಡು ಮೂರು ಸಲಕ್ಕೆ ಇಲ್ಲಿನ ಮೆಕ್ಯಾನಿಕ್ಕುಗಳು ಮರಾಠಿಯಲ್ಲಿ ‘ಆಟೆ ಗೇಲೆ’ (ಥ್ರೆಡ್ ಹೋಯಿತು) ಎನ್ನುವ ಸ್ಥಿತಿ ಬರುತ್ತದೆ.

ತಲೆ ಸವೆದೇ ಹೋದರೆ ಒತ್ತಿ ಒತ್ತಿ ತಿರುಗಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಸೈಕಲ್ ಟ್ಯೂಬಿನ ತೆಳು ತುಂಡನ್ನು ನಡುವೆ ಇಟ್ಟು, ಒಂದು ಅಳತೆ ದೊಡ್ಡ ಮೂತಿಯಿಂದ ಒತ್ತಿ ನೋಡಿ. ಟೂವೀಲರ್ ಸ್ಪೇರ್ ಅಂಗಡಿಯಲ್ಲಿ ಸಿಗುವ ವಾಲ್ವ್ ಗ್ರೈಂಡಿಂಗ್ ಪೇಸ್ಟನ್ನು ಮೂತಿಗೆ ಸಾಸಿವೆಯಷ್ಟು ಹಚ್ಚಿದರೂ ಹಿಡಿತ ಬರುತ್ತದೆ, ಕೆಲಸ ಮುಗಿದ ಮೇಲೆ ಒರೆಸುವುದು ಮರೆಯಬಾರದು. ಥ್ರೆಡ್ಡಿಗೆ ನೀಲಿ ಅಂಟು ಹಾಕಿದ್ದರೆ ಬಿಸಿ ಸೋಲ್ಡರಿಂಗ್ ಐರನ್ನನ್ನು ಸ್ಕ್ರೂ ತಲೆಗೆ ಕೆಲವು ಸೆಕೆಂಡು ಮುಟ್ಟಿಸಿ, ತಣಿಯುವ ಮೊದಲೇ ತಿರುಗಿಸಿ. ಹತ್ತಿರದಲ್ಲಿ ಬ್ಯಾಟರಿ ಇದ್ದರೆ ಈ ಬಿಸಿಯ ಉಪಾಯ ಬೇಡ.

ಕಡಲ ಗಾಳಿಯ ಊರಿನವರಿಗೆ ಒಂದು ಮಾತು. ಲೇಪನವಿಲ್ಲದ ಕಪ್ಪು ಮೂತಿಗೆ ಮುಂಬಯಿ, ಗೋವಾದ ಮಳೆಗಾಲದಲ್ಲಿ ತುಕ್ಕು ಬೇಗ ಹತ್ತುತ್ತದೆ. ಜೂನ್ ಬರುವ ಮೊದಲು ಹೊಲಿಗೆ ಯಂತ್ರದ ಎಣ್ಣೆಯ ಬಟ್ಟೆಯಲ್ಲೊಮ್ಮೆ ಒರೆಸಿ, ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಪುಡಿಕೆ ಎರಡನ್ನು ಪೆಟ್ಟಿಗೆಯಲ್ಲಿಡಿ. ಸೆಟ್ಟುಗಳ ಜತೆ ಬರುವ ಸ್ಪಂಜು ತೇವ ಹಿಡಿದಿಡುತ್ತದೆ, ಅದನ್ನು ಕಿತ್ತೆಸೆದರೂ ನಷ್ಟವಿಲ್ಲ.

ಇನ್ನು ಮಾರುವವರ ವಿಷಯ. 2011ರ ಪ್ಯಾಕ್ ಮಾಡಿದ ಸರಕುಗಳ ಕಾನೂನುಮಾಪನ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ಹೆಸರು-ವಿಳಾಸ, ಗರಿಷ್ಠ ಬೆಲೆ, ಹೊರದೇಶದ್ದಾದರೆ ಯಾವ ದೇಶದ್ದೆಂದು ಇರಲೇಬೇಕು. ಕೈಗಾಡಿಯ ಡಬ್ಬಿಗಳಲ್ಲಿ ಬಹುಪಾಲು ಇದ್ಯಾವುದೂ ಇರುವುದಿಲ್ಲ. ಬಿಟ್ ಮುರಿದರೆ ಕೇಳುವುದು ಯಾರನ್ನು? ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಉಕ್ಕಿನ ಬಗೆ, ಗಡಸುತನ, ಮೂತಿ ಫಿಲಿಪ್ಸ್‌ನದೋ ಜೆಐಎಸ್‌ನದೋ ಎಂಬುದನ್ನೂ ಅಚ್ಚು ಹಾಕಿಸಬೇಕೆಂದು ಗ್ರಾಹಕ ವ್ಯವಹಾರ ಇಲಾಖೆಯನ್ನು ಒತ್ತಾಯಿಸುತ್ತೇವೆ. ‘115’ ಎಂಬ ಅಂಕಿಗೆ ಡಬ್ಬಿಯ ಮೇಲೆ ಅಷ್ಟು ಜಾಗ ಇರುವಾಗ ಈ ಮೂರು ಸಾಲಿಗೆ ಇಲ್ಲದೆ ಹೋಗದು.

ಅಲ್ಲಿಯವರೆಗೆ ಬಿಡಿಯಾಗಿ ಕೇಳಿ ಕೊಳ್ಳಿ. ಗ್ರಾಂಟ್ ರೋಡ್ ಸ್ಟೇಷನ್ನಿಗೆ ಹತ್ತಿರದ ಲ್ಯಾಮಿಂಗ್ಟನ್ ರೋಡ್, ಮಸೀದಿ ಸ್ಟೇಷನ್ ಕಡೆಯ ನಾಗದೇವಿ ಸ್ಟ್ರೀಟ್, ಪುಣೆಯಲ್ಲಾದರೆ ಬುಧವಾರ ಪೇಠದ ಪಾಸೋಡ್ಯಾ ವಿಠೋಬಾ ಓಣಿ. ‘ಸ್ಟಾರ್’ ಎನ್ನದೆ ‘ಪಿಎಚ್ ಝೀರೊ, ಅರವತ್ತು ಮಿಲಿಮೀಟರ್’ ಎಂದು ಕೇಳಿದರೆ ಅಂಗಡಿಯವರು ಹಿಂದಿನ ಕಪಾಟಿನ ಬಾಗಿಲು ತೆರೆಯುತ್ತಾರೆ.

ಇಂತಿ,
ರಿಪೇರಿ ಕಸುಬಿನ ಕೆಲವು ಕನ್ನಡಿಗರು,
ಡೊಂಬಿವಲಿ