ಹೆಸರು ಕೇಳದೇ ಉಳಿದ ಸಿಸ್ಟರ್‌ಗೆ

ಚಳ್ಳಕೆರೆ ಕಡೆಯ ನಮ್ಮ ಹಟ್ಟಿಗೆ ಬಸ್ಸಿಲ್ಲ. ಶೇಂಗಾ ಕೀಳುವ ಗಡಿಬಿಡಿಯಲ್ಲಿ ಮಗಳ 14ನೇ ವಾರದ ಲಸಿಕೆ ತಪ್ಪಿಸಿದ್ದೆ. ನೀವು ಹೊಲದ ಬದುವಿನ ಮೇಲೆ ನಡೆದೇ ಬಂದಿರಿ, ಹೆಗಲಲ್ಲಿ ಲಸಿಕೆ ಡಬ್ಬಿ. 2ರಿಂದ 8 ಡಿಗ್ರಿ ತಂಪಲ್ಲೇ ಇರಬೇಕು ಅಂತ ಅದನ್ನು ಬೇವಿನ ನೆರಳಲ್ಲಿಟ್ಟಿರಿ. ಸೂಜಿ ಹಾಕುವ ಮೊದಲು ನಿಮ್ಮ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಮಗುವಿನ ತೊಡೆ ಹಿಡಿದಿರಿ. ಅದು ಇನ್ನೂ ಕಣ್ಣಲ್ಲಿದೆ. ತಕ್ಷಣ ಹೊರಡಲೂ ಇಲ್ಲ. ಅರ್ಧ ಗಂಟೆ ಪಕ್ಕದಲ್ಲೇ ಕೂತು, ಜ್ವರ ಬಂದರೆ ಹೆದರಬೇಡ, ಹಾಲು ನಿಲ್ಲಿಸಬೇಡ ಅಂದಿರಿ.

ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಜಾಸ್ತಿ ತಟ್ಟಿದ್ದು.

9 ತಿಂಗಳ ದಡಾರ-ರುಬೆಲ್ಲಾ ಲಸಿಕೆಯನ್ನು ಮೊನ್ನೆ ಸರಿಯಾದ ದಿನಕ್ಕೇ ಹಾಕಿಸಿದೆ. ಅಲ್ಲಿ ಬೇರೆ ಸಿಸ್ಟರ್ ಇದ್ದರು. ಮಗಳು ಈಗ ಗೋಡೆ ಹಿಡಿದು ನಿಲ್ಲುತ್ತಾಳೆ. ತುಂಬಾ ಥ್ಯಾಂಕ್ಸ್ ಅಕ್ಕಾ.