ಅಖೈರು ಶಿಲ್ಕಿನಲ್ಲಿ ಇಪ್ಪತ್ತೇಳು ರೂಪಾಯಿ

ತಿಪಟೂರು
ಭಾನುವಾರ ಬೆಳಿಗ್ಗೆ

ಚಿ. ಸುಮಾಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅತ್ತೆಗೆ ಮಂಡಿನೋವು ಇದ್ದದ್ದೇ, ಆದರೂ ಹಪ್ಪಳದ ಹಿಟ್ಟು ಕಲಸುವುದನ್ನು ಬಿಟ್ಟಿಲ್ಲ. ಮೊನ್ನೆ ಫೋನಿನಲ್ಲಿ ನೀನು, "ಮಾವ, ಬಿ.ಕಾಂ.ನಲ್ಲಿ ಮೊದಲ ದರ್ಜೆ ಪಡೆದವಳು ನಾನು, ಇಲಾಖಾ ಪರೀಕ್ಷೆಯ ಅಕೌಂಟ್ಸ್ ಹೈಯರ್‌ನಲ್ಲಿ ಎರಡು ಸಲ ನಪಾಸಾದೆ" ಎಂದು ಅತ್ತುಬಿಟ್ಟೆ. ಪ್ರೊಬೇಷನ್ ಮುಗಿಯಿತೆಂಬ ಘೋಷಣೆ ನಿಂತುಹೋದರೆ ಎಂಬ ಭಯ ಬೇರೆ. ಆಗ ಸಮಾಧಾನದ ನಾಲ್ಕು ಮಾತು ಹೇಳಿ ಫೋನ್ ಇಟ್ಟೆ. ಹೇಳಬೇಕಾದದ್ದನ್ನು ಈಗ ಬರೆಯುತ್ತಿದ್ದೇನೆ.

ನಿನ್ನ ತೊಡಕಿರುವುದೇ ಬಿ.ಕಾಂ.ನಲ್ಲಿ, ಮಗಳೇ. ಅಂಗಡಿಯ ಲೆಕ್ಕ ಕಲಿತು ಸರ್ಕಾರದ ಲೆಕ್ಕ ಬರೆಯಲು ಕುಳಿತಿದ್ದೀಯೆ. ಕೊಡಬೇಕಾದ ಬಾಕಿ, ಬರಬೇಕಾದ ಬಾಕಿ ಎರಡನ್ನೂ ವರ್ಷದ ಕೊನೆಗೆ ಲೆಕ್ಕಕ್ಕೆ ಹಿಡಿಯುವುದು ಕಂಪನಿಯ ಪದ್ಧತಿ. ಸರ್ಕಾರಕ್ಕೆ ಹಣ ಬಂದ ದಿನವೇ ಜಮಾ, ಕೊಟ್ಟ ದಿನವೇ ಖರ್ಚು. ಮಾರ್ಚ್ ತಿಂಗಳಲ್ಲಿ ಕೊಂಡ ಲೇಖನ ಸಾಮಗ್ರಿಯ ಬಿಲ್ಲು ಏಪ್ರಿಲ್‌ನಲ್ಲಿ ಪಾವತಿಯಾದರೆ ಅದು ಹೊಸ ವರ್ಷದ ಖರ್ಚು. ಹಳೆಯ ವರ್ಷದ ಅನುದಾನದಲ್ಲಿ ಖರ್ಚಾಗದೆ ಉಳಿದದ್ದು ಮಾರ್ಚ್ 31ಕ್ಕೇ ವ್ಯಪಗತವಾಗಿರುತ್ತದೆ, ಅಂದರೆ ರದ್ದಾಗಿರುತ್ತದೆ. ಆ ತಿಂಗಳು ಖಜಾನೆಯ ಮುಂದೆ ಜಾತ್ರೆ ನೆರೆಯುವುದು ಇದಕ್ಕೇ. ಅಂಥ ಪ್ರಶ್ನೆಗೆ ನೀನು ಟ್ಯಾಲಿ ಸಾಫ್ಟ್‌ವೇರಿನ ಅಂಗಡಿ ಲೆಕ್ಕದ ತಲೆಯಲ್ಲಿ ಉತ್ತರಿಸಿದರೆ ಅಂಕ ಎಲ್ಲಿಂದ ಬರಬೇಕು?

ಹಣ ಯಾವ ಬಾಬಿಗೆ ಸೇರಿದ್ದೆಂದು ತೋರಿಸುವ ಲೆಕ್ಕ ಶೀರ್ಷಿಕೆಗಳನ್ನು ಬಾಯಿಪಾಠ ಮಾಡುತ್ತಿದ್ದೇನೆ ಎಂದೆಯಲ್ಲ, ಬೇಡ. ಪ್ರಧಾನ ಶೀರ್ಷಿಕೆಯ ನಾಲ್ಕು ಅಂಕಿಯಲ್ಲೇ ಒಂದು ಜಾಡಿದೆ. ಬೆಳೆ ಸಾಗುವಳಿಯದನ್ನೇ ತೆಗೆದುಕೋ. 0401 ಎಂದರೆ ಸ್ವೀಕೃತಿ, 2401 ರಾಜಸ್ವ ವೆಚ್ಚ, 4401 ಬಂಡವಾಳ ವೆಚ್ಚ, 6401 ಸಾಲ. ಆರೋಗ್ಯಕ್ಕೂ ಹಾಗೆಯೇ: 0210, 2210, 4210, 6210. ಎಲ್ಲ ಕಡೆಯೂ ಇಷ್ಟು ಸಲೀಸಾಗಿ ಹೊಂದುವುದಿಲ್ಲ, ಆದರೆ ಜಾಡು ಸಿಕ್ಕರೆ ಅರ್ಧ ಹೊರೆ ಇಳಿದಂತೆ. ಎಂಟರಿಂದ ಶುರುವಾದದ್ದನ್ನು ಕಂಡರೆ, 8000 ಎಂಬ ಆಕಸ್ಮಿಕ ನಿಧಿಯೊಂದನ್ನು ಬಿಟ್ಟು, ಸಾರ್ವಜನಿಕ ಲೆಕ್ಕ, ಅಂದರೆ ಭವಿಷ್ಯನಿಧಿ, ಠೇವಣಿಗಳಂಥ ಹಣದ ಲೆಕ್ಕ ಎಂದುಕೋ.

ನಗದು ಪುಸ್ತಕದ ವಿಷಯಕ್ಕೆ ಬರುತ್ತೇನೆ. 1984ರಲ್ಲಿ ನಾನು ಎರಡನೇ ದರ್ಜೆ ಗುಮಾಸ್ತನಾಗಿ ಸೇರಿ ಮೂರು ತಿಂಗಳಾಗಿತ್ತು. ಒಂದು ಸಂಜೆ ಪೆಟ್ಟಿಗೆಯ ಹಣ ಎಣಿಸಿದರೆ ಅಖೈರು ಶಿಲ್ಕಿಗಿಂತ, ಅಂದರೆ ದಿನದ ಕೊನೆಗೆ ಪುಸ್ತಕ ತೋರಿಸುವ ಉಳಿಕೆಗಿಂತ, ಇಪ್ಪತ್ತೇಳು ರೂಪಾಯಿ ಹೆಚ್ಚು. ಕಡಿಮೆ ಬಿದ್ದಿದ್ದರೆ ಕೈಯಿಂದ ಹಾಕಬೇಕಿತ್ತು, ಹೆಚ್ಚಿದ್ದರೆ ಯಾರಿಗೇನು ನಷ್ಟ ಎಂದುಕೊಂಡು ಆ ಹಣವನ್ನು ಲಕೋಟೆಗೆ ಹಾಕಿ ಮೇಜಿನ ಖಾನೆಯಲ್ಲಿಟ್ಟೆ. ನಮ್ಮ ಶಿರಸ್ತೇದಾರರು ಕನ್ನಡಕದ ಮೇಲಿನಿಂದ ನೋಡಿ ಒಂದೇ ಪ್ರಶ್ನೆ ಕೇಳಿದರು: "ಇಪ್ಪತ್ತೇಳನ್ನು ಒಂಬತ್ತರಿಂದ ಭಾಗಿಸಿದರೆ ಶೇಷ ಉಳಿಯುತ್ತದೆಯೇನಯ್ಯಾ?" ಉಳಿಯುವುದಿಲ್ಲ ಎಂದೆ. "ಹಾಗಾದರೆ ಎಲ್ಲೋ ಅಂಕಿ ಮಗುಚಿದೆ, ಹುಡುಕು." ರಸೀದಿ ಪುಸ್ತಕದ ಪ್ರತಿಗಳನ್ನು ಒಂದೊಂದಾಗಿ ತಾಳೆ ನೋಡಿದೆ. ರಸೀದಿಯಲ್ಲಿ 1,863 ಇದ್ದದ್ದನ್ನು ನಗದು ಪುಸ್ತಕದಲ್ಲಿ 1,836 ಎಂದು ಬರೆದಿದ್ದೆ! ಪಕ್ಕಪಕ್ಕದ ಎರಡು ಅಂಕಿ ಸ್ಥಾನ ಬದಲಿಸಿಕೊಂಡರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಈ ಉಪಾಯ ಯಾವ ಗೈಡಿನಲ್ಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ನಾನು ಜೇಬಿನಿಂದ ಬ್ಲೇಡ್ ತೆಗೆದು ಆ 36ನ್ನು ಮೆಲ್ಲಗೆ ಕೆರೆಯಲು ಹೊರಟಿದ್ದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ತಪ್ಪಿದ್ದನ್ನು ಓದಲು ಬರುವಂತೆ ಒಂದೇ ಗೆರೆಯಲ್ಲಿ ಹೊಡೆದು, ಸರಿಯಾದದ್ದನ್ನು ಕೆಂಪು ಶಾಯಿಯಲ್ಲಿ ಬರೆದು, ಅಧಿಕಾರಿಯ ದಿನಾಂಕ ಸಹಿತ ಕಿರುಸಹಿ ಪಡೆಯಬೇಕೆಂದರು. ಕೆರೆದ ಕಾಗದ ಕಂಡರೆ ಆಡಿಟಿನವರಿಗೆ ಇಪ್ಪತ್ತೇಳು ರೂಪಾಯಿ ಕಾಣಿಸುವುದಿಲ್ಲ, ಮುಚ್ಚಿಟ್ಟವನ ಮುಖ ಕಾಣಿಸುತ್ತದೆ ಎಂದೂ ಹೇಳಿದರು. ಪುಸ್ತಕದ ಮೊತ್ತವನ್ನು ಬರೆದವನಲ್ಲದೆ ಇನ್ನೊಬ್ಬರು ಕೂಡಿ ನೋಡಬೇಕು, ತಿಂಗಳ ಕೊನೆಗೆ ಕಚೇರಿ ಮುಖ್ಯಸ್ಥರು ಹಣ ಎಣಿಸಿ ದೃಢೀಕರಿಸಬೇಕು, ಬಂದ ಹಣವನ್ನು ಕಚೇರಿಯ ಖರ್ಚಿಗೆ ಬಳಸದೆ ಖಜಾನೆಗೆ ಕಟ್ಟಬೇಕು ಎಂಬ ನಿಯಮಗಳೆಲ್ಲ ಆ ಸಂಜೆಯ ನಂತರ ನನಗೆ ತಾವಾಗಿಯೇ ನೆನಪಿನಲ್ಲಿ ಉಳಿದವು. ನಾಳೆ ನಿನ್ನ ಮೇಜಿಗೆ ಇನ್ನೊಬ್ಬರು ಬಂದು ಕುಳಿತರೆ ಏನು ನಡೆಯಿತೆಂದು ನಿನ್ನನ್ನು ಕೇಳದೆಯೇ ಅವರಿಗೆ ತಿಳಿಯಬೇಕು. ಪರೀಕ್ಷೆ ಕೇಳುವುದು ಅಷ್ಟನ್ನೇ, ಬೇರೆ ಬೇರೆ ಪ್ರಶ್ನೆಗಳ ವೇಷದಲ್ಲಿ.

ಆದ್ದರಿಂದ ಗೈಡುಗಳನ್ನು ಕಪಾಟಿಗೆ ಸೇರಿಸು. ಆರ್ಥಿಕ ಸಂಹಿತೆ 1958, ಅದೇ ವರ್ಷದ ಖಜಾನೆ ಸಂಹಿತೆ, ಸಾದಿಲ್ವಾರು (ಕಚೇರಿಯ ಇತರೆ ಖರ್ಚಿನ) ವೆಚ್ಚದ ಕೈಪಿಡಿ, ಕೆ.ಸಿ.ಎಸ್.ಆರ್. ಎಂಬ ಕರ್ನಾಟಕ ನಾಗರಿಕ ಸೇವಾ ನಿಯಮಗಳು ಇವನ್ನು ನಿನ್ನ ಕಚೇರಿಯ ಬಿಲ್ಲುಗಳ ಪಕ್ಕದಲ್ಲಿಟ್ಟುಕೊಂಡು ಓದು. ಖಜಾನೆಯಿಂದ ಆಕ್ಷೇಪಣೆಯಾಗಿ ವಾಪಸು ಬಂದ ಒಂದು ಬಿಲ್ಲು ಹತ್ತು ಮಾದರಿ ಪ್ರಶ್ನೆಪತ್ರಿಕೆಗಳಿಗೆ ಸಮ. ಈಗ ಎಲ್ಲವೂ ಖಜಾನೆ-2 ಎಂಬ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಲ್ಲಿ ಆಗುತ್ತದೆ, ನಿಜ. ಯಾವ ಶೀರ್ಷಿಕೆಗೆ ಖರ್ಚು ಹಾಕಬೇಕೆಂಬ ತಿಳಿವಳಿಕೆಯನ್ನು ಮಾತ್ರ ಕಂಪ್ಯೂಟರ್ ನಿನ್ನಿಂದಲೇ ಕೇಳುತ್ತದೆ. ಇನ್ನು ಪುಸ್ತಕ ನೋಡಿಕೊಂಡೇ ಬರೆಯಬಹುದಾದ "ಪುಸ್ತಕ ಸಹಿತ" ಪತ್ರಿಕೆಯನ್ನು ನಂಬಿ ನಾನೂ ಒಮ್ಮೆ ಕೆಟ್ಟವನೇ. ಎಲ್ಲಿದೆ ಎಂದು ಗೊತ್ತಿಲ್ಲದವನಿಗೆ ಪುಸ್ತಕ ಎದುರಿಗಿದ್ದರೂ ಗಂಟೆ ಸಾಲುವುದಿಲ್ಲ.

ನೀನು ವಾಟ್ಸಾಪಿನಲ್ಲಿ ಕಳುಹಿಸಿದ ಹಿಂಬರಹದ, ಅಂದರೆ ಅರ್ಜಿದಾರರಿಗೆ ಕಚೇರಿ ಕೊಡುವ ಉತ್ತರದ, ಕರಡನ್ನೂ ನೋಡಿದೆ. ನಿವೃತ್ತ ಶಿಕ್ಷಕರು ಗಳಿಕೆ ರಜೆ ನಗದೀಕರಣ ಕೇಳಿದ್ದಾರೆ. ನೀನು, "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಯಪಡಿಸುವುದೇನೆಂದರೆ, ತಮ್ಮ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಿ ನಿಯಮಾನುಸಾರ ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂದು ಬರೆದಿದ್ದೀಯೆ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಆ ಮೇಷ್ಟ್ರು ಇದನ್ನು ಹಿಡಿದುಕೊಂಡು ಏನು ಮಾಡಬೇಕು? ಅವರ ಕೊನೆಯ ವೇತನ ಪ್ರಮಾಣಪತ್ರ ಬಂದಿಲ್ಲವೆಂದು ನೀನೇ ಟಿಪ್ಪಣಿಯಲ್ಲಿ ಬರೆದಿದ್ದೀಯೆ. ಅದನ್ನೇ ಹೇಳು: "ಮನವಿಯೊಂದಿಗೆ ಕೊನೆಯ ವೇತನ ಪ್ರಮಾಣಪತ್ರ ಲಗತ್ತಿಸಿರುವುದಿಲ್ಲ. ಅದು ಸ್ವೀಕೃತವಾದ ಕೂಡಲೇ ಬಿಲ್ಲನ್ನು ಖಜಾನೆಗೆ ಸಲ್ಲಿಸಲಾಗುವುದು." ಎರಡು ಸಾಲು, ಮುಗಿಯಿತು.

ಪತ್ರದ ಬಗೆಗಳನ್ನೂ ಕಲಸುಮೇಲೋಗರ ಮಾಡಿಕೊಂಡಿದ್ದೀಯೆ. ಅಧಿಕೃತ ಜ್ಞಾಪನದಲ್ಲಿ "ನಾನು" ಎಂಬುದಕ್ಕೆ ಜಾಗವಿಲ್ಲ. ಅರೆ ಸರ್ಕಾರಿ ಪತ್ರ ಹೆಸರು ಹಿಡಿದು ಬರೆಯುವಂಥದ್ದು, ಅಲ್ಲಿ "ನಾನು" ಸಲ್ಲುತ್ತದೆ. ಆದೇಶ ಹೊರಡಿಸುವ ನಡವಳಿಯಲ್ಲಿ ಓದಲಾದ ಪತ್ರಗಳು, ಪ್ರಸ್ತಾವನೆ, ಆದೇಶ ಈ ಕ್ರಮದಲ್ಲೇ ಬರಬೇಕು. "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ" ಎಂಬ ಸಾಲು ಸರ್ಕಾರದ ಆದೇಶಕ್ಕೆ ಸೇರಿದ್ದು. ನಿನ್ನ ತಾಲ್ಲೂಕು ಕಚೇರಿಯ ಜ್ಞಾಪನದ ಬುಡದಲ್ಲಿ ಅದನ್ನು ಕಂಡು ನಕ್ಕುಬಿಟ್ಟೆ, ಬೇಸರಪಟ್ಟುಕೊಳ್ಳಬೇಡ.

ಇಲಾಖಾ ಪರೀಕ್ಷೆಯ ಮುಂದಿನ ಅಧಿವೇಶನದ ಅಧಿಸೂಚನೆ ಬರುವುದರೊಳಗೆ ಒಂದು ಕೆಲಸ ಮಾಡು. ಒಂದು ಜ್ಞಾಪನ, ಒಂದು ಅರೆ ಸರ್ಕಾರಿ ಪತ್ರ, ಒಂದು ನಡವಳಿ ಕೈಯಲ್ಲೇ ಬರೆದು ನನಗೆ ಅಂಚೆಯಲ್ಲಿ ಕಳುಹಿಸು. ಜೊತೆಗೆ ಒಂದು ವಾರದ ಕಾಲ್ಪನಿಕ ನಗದು ಪುಸ್ತಕ ಬರೆದು, ಅದರಲ್ಲಿ ಎಲ್ಲಾದರೂ ಒಂದು ತಪ್ಪು ಅಡಗಿಸಿಡು. ನನಗೆ ಸಿಗುತ್ತದೆಯೋ ಇಲ್ಲವೋ ನೋಡೋಣ. ಕೆಂಪು ಶಾಯಿಯ ಪೆನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಅಮ್ಮನಿಗೆ ಹಪ್ಪಳ ಬಸ್ಸಿನಲ್ಲಿ ಕಳುಹಿಸುತ್ತೇವೆಂದು ಹೇಳು.

ಇಂತು ಆಶೀರ್ವಾದಗಳೊಂದಿಗೆ,
ನಿನ್ನ ಮಾವ